ತೂಕ, ದ್ರವ್ಯರಾಶಿ ಮತ್ತು ಶಿವನಂಜಮ್ಮನ ಮೊಮ್ಮಗಳು

ಪುಸ್ತಕದಿಂದ ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಪರವಾಗಿ ಹೇಳಿಕೊಳ್ಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಹೇಳಿದೆ. ಪುಸ್ತಕದಲ್ಲಿಲ್ಲದ ಒಂದೇ ಒಂದು ವಾಕ್ಯವನ್ನು ಮಾತ್ರ ಕೊನೆಯಲ್ಲಿ ನನ್ನ ಕಡೆಯಿಂದ ಸೇರಿಸಿದೆ. (ಅದು ಯಾವ ವಾಕ್ಯ ಎಂಬುದು ಮುಂದೆ ಬರುತ್ತದೆ.)

ನನ್ನ ಹೆಸರು ಮಹದೇವಯ್ಯ. ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಕೆಲಸ ತಿ. ನರಸೀಪುರದ ಕಡೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ, ವಿಜ್ಞಾನದ ಮೇಷ್ಟರು. ಬೆಳಿಗ್ಗೆ ಒಂದು ಬಸ್ಸು ನಂಜನಗೂಡಿಗೆ, ಅಲ್ಲಿಂದ ಇನ್ನೊಂದು ನರಸೀಪುರಕ್ಕೆ. ಸಂಜೆ ಅದೇ ದಾರಿಯಲ್ಲಿ ವಾಪಸು. ನನ್ನ ಹೆಂಡತಿ ಪುಟ್ಟಬಸಮ್ಮ ನಮ್ಮೂರಿನದೇ ಅಂಗನವಾಡಿಯ ಟೀಚರು. ಮನೆಯಿಂದ ಅಂಗನವಾಡಿಗೆ ನಲವತ್ತು ಹೆಜ್ಜೆ.

ಪ್ರತಿಯೊಬ್ಬ ಮೇಷ್ಟರಿಗೂ ಒಂದು ಪಾಠದ ಮೇಲೆ ಅತಿಯಾದ ಪ್ರೀತಿ ಇರುತ್ತದೆ. ನನ್ನದು ದ್ರವ್ಯರಾಶಿ ಮತ್ತು ತೂಕ. ಜಗತ್ತಿನಲ್ಲಿ ಈ ಎರಡರ ವ್ಯತ್ಯಾಸ ತಿಳಿದವರು ಕೈಬೆರಳೆಣಿಕೆಯಷ್ಟು, ಉಳಿದವರೆಲ್ಲ ಅಜ್ಞಾನದಲ್ಲಿ ಸಕ್ಕರೆ ಕೊಳ್ಳುತ್ತಿದ್ದಾರೆ ಎಂಬುದು ನನ್ನ ಬಹುಕಾಲದ ಕೊರಗು. ಒಂದು ವಸ್ತುವಿನಲ್ಲಿ ಎಷ್ಟು ಸರಕು ಇದೆಯೋ ಅದು ದ್ರವ್ಯರಾಶಿ. ಎಲ್ಲಿಗೆ ಹೋದರೂ ಬದಲಾಗದು. ಆ ಸರಕನ್ನು ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆಯೋ ಅದು ತೂಕ. ಜಾಗ ಬದಲಾದರೆ ಅದೂ ಬದಲಾಗುತ್ತದೆ. ಇಷ್ಟೇ. ಇದನ್ನು ನಾನು ಬಸ್ಸಿನ ಕಂಡಕ್ಟರಿಗೆ ಹೇಳಿದ್ದೇನೆ, ಸೊಸೈಟಿಯವರಿಗೆ ಹೇಳಿದ್ದೇನೆ. ಅಂಗಡಿಯ ಕಲ್ಲಯ್ಯನಿಗೆ, "ಒಂದು ಕೆಜಿ ತೂಕದ ಸಕ್ಕರೆ ಅನ್ನಬಾರದು ಕಲ್ಲಯ್ಯ, ಒಂದು ಕೆಜಿ ದ್ರವ್ಯರಾಶಿಯ ಸಕ್ಕರೆ ಅನ್ನಬೇಕು" ಎಂದು ಹತ್ತು ನಿಮಿಷ ವಿವರಿಸಿದಾಗ, ಅವನು ಕೈಕಟ್ಟಿ ಕೇಳಿ, "ಆಯ್ತು ಸಾ, ಪೇಪರ್ನಲ್ಲಿ ಕಟ್ಲೋ ಕವರ್ಗೆ ಹಾಕ್ಲೋ?" ಎಂದಿದ್ದ.

ಮನೆಯಲ್ಲಿ ಇದಕ್ಕಿಂತ ಕಡಿಮೆ ಮರ್ಯಾದೆ. ನಂಜನಗೂಡಿಗಿಂತ ನರಸೀಪುರ ತುಸು ತಗ್ಗಿನಲ್ಲಿರುವುದರಿಂದ ಅಲ್ಲಿ ನನ್ನ ತೂಕ ನಾಲ್ಕೈದು ಹೆಸರುಕಾಳಿನಷ್ಟು ಹೆಚ್ಚುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ಹೆಂಡತಿಗೆ ತೋರಿಸಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆಯೇ, "ಹಾಗಾದ್ರೆ ಅಲ್ಲೇ ಒಂದು ರೂಮು ಮಾಡ್ಕಳಿ. ಸ್ವಲ್ಪ ಮೈಯಾದ್ರೂ ಹತ್ತಲಿ" ಎಂದಳು.

ತೊಂಬತ್ತೇಳನೇ ಇಸವಿಯ ಜುಲೈ ತಿಂಗಳು. ನಮ್ಮ ಶಾಲೆಗೆ ಅಂದು ಸ್ಥಳೀಯ ರಜೆ. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ದಿನ. ಹಿಂದಿನ ತಿಂಗಳು ತಕ್ಕಡಿ ನೇತುಹಾಕುವ ಕೊಕ್ಕೆ ತೊಲೆಯಿಂದ ಕಿತ್ತು ಬಂದಿತ್ತು. "ಸುಮ್ನೆ ಪೇಪರ್ ಓದ್ಕೊಂಡು ಕೂತಿದ್ದೀರಲ್ಲ, ಬಂದು ಒಂದು ಮೊಳೆ ಹೊಡೆದುಕೊಡಿ. ಹೊಡೆದು ಮನೆಗೆ ಬಂದ್ಬಿಡಿ" ಎಂದು ಹೆಂಡತಿ ಕರೆದಳು. 'ಬಂದ್ಬಿಡಿ' ಎಂಬುದನ್ನು ಅವಳು ಒತ್ತಿ ಹೇಳಿದ್ದು ನನಗೆ ಆಮೇಲೆ ನೆನಪಾಯಿತು.

ಅಂಗನವಾಡಿ ಎಂದರೆ ಒಂದೇ ಕೋಣೆಯ ಹೆಂಚಿನ ಕಟ್ಟಡ. ಏಳೆಂಟು ಮಂದಿ ತಾಯಂದಿರು ಮಕ್ಕಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ನಾನು ಸ್ಟೂಲು ಹತ್ತಿ ಕೊಕ್ಕೆ ಹೊಡೆದು ತಕ್ಕಡಿ ನೇತುಹಾಕಿದೆ. ಸರ್ಕಾರ ಕೊಟ್ಟಿದ್ದ ಸ್ಪ್ರಿಂಗ್ ತಕ್ಕಡಿ ಅದು. ದುಂಡನೆಯ ಮುಖ, ಕೆಂಪು ಮುಳ್ಳು, ಕೆಳಗೆ ಚಡ್ಡಿಯಂತೆ ಹೊಲಿದ ಬಟ್ಟೆಯ ಚೀಲ. ಮಗುವನ್ನು ಅದರೊಳಗೆ ಇಳಿಸಿದರೆ ಎರಡು ಕಾಲೂ ಹೊರಗೆ ತೂಗಾಡುತ್ತವೆ. ಮುಳ್ಳು ಎಲ್ಲಿ ನಿಂತಿತೋ ಅದನ್ನು ನೋಡಿ ಹೆಂಡತಿ ಕಾರ್ಡಿನಲ್ಲಿ ಚುಕ್ಕಿ ಇಡುತ್ತಾಳೆ. ಚುಕ್ಕಿಗಳನ್ನು ಸೇರಿಸಿದ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗು ಬೆಳೆಯುತ್ತಿದೆ ಎಂದರ್ಥ.

ಶಿವನಂಜಮ್ಮನ ಸೊಸೆ ಪವಿತ್ರಾ ತನ್ನ ಮಗಳು ರಂಜಿನಿಯನ್ನು ಚೀಲಕ್ಕೆ ಇಳಿಸಿದಳು. ಶಿವನಂಜಮ್ಮ ನಮ್ಮ ಪಕ್ಕದ ಬೀದಿಯವರು, ಅರವತ್ತು ದಾಟಿದವರು. ಹತ್ತು ಜನ ಕೂಲಿಯಾಳುಗಳನ್ನು ಗದ್ದೆಯ ಬದುವಿನ ಮೇಲೆ ನಿಂತು ಕಣ್ಣಲ್ಲೇ ದುಡಿಸಿದ ಹೆಂಗಸು. ಮಗ ಲಾರಿ ಓಡಿಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಆದ್ದರಿಂದ ಆ ಮನೆಯಲ್ಲಿ ಏನಾಗಬೇಕಾದರೂ ಶಿವನಂಜಮ್ಮನ ಬಾಯಿಂದ ಬರಬೇಕು. ರಂಜಿನಿಗೆ ಆಗ ಹತ್ತು ತಿಂಗಳು. ಚೀಲದಲ್ಲಿ ಅಳದೆ, ಕೈಕಾಲು ಆಡಿಸದೆ ಕೂತಿತ್ತು. ಮುಳ್ಳು ಐದು ಕೆಜಿ ಎಂಟುನೂರಕ್ಕೆ ನಿಂತಿತು.

ಹೆಂಡತಿ ಕಾರ್ಡು ನೋಡಿದಳು. "ಮೂರು ತಿಂಗಳಿಂದ ಇಲ್ಲೇ ನಿಂತದೆ ಪವಿತ್ರಾ. ಗೆರೆ ಮಲಗಿಬಿಟ್ಟಿದೆ. ಇವತ್ತೇ ನಂಜನಗೂಡು ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ನಾನೂ ಬರ್ತೀನಿ."

ಪವಿತ್ರಾ ಅತ್ತೆಯ ಮುಖ ನೋಡಿದಳು. ಶಿವನಂಜಮ್ಮ, "ನಮ್ಮ ವಂಶದೋರೆಲ್ಲ ಸಣ್ಣಕ್ಕೇ ಇರೋದು ಕಣವ್ವ" ಎಂದರು. ಆದರೆ ಧ್ವನಿಯಲ್ಲಿ ಬಿಗಿ ಇರಲಿಲ್ಲ. ಇನ್ನೊಂದು ಮಾತು ಹೆಂಡತಿ ಆಡಿದ್ದರೆ ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದರೋ ಏನೋ.

ಆ ಇನ್ನೊಂದು ಮಾತನ್ನು ನಾನು ಆಡಿದೆ. ಸ್ಟೂಲಿನ ಮೇಲೆಯೇ ಇದ್ದೆ. ಎತ್ತರದಲ್ಲಿ ನಿಂತವನಿಗೆ, ಕೆಳಗೆ ಎಂಟು ಮುಖ ಮೇಲೆ ನೋಡುತ್ತಿದ್ದರೆ, ಪಾಠ ತಾನಾಗಿಯೇ ಬಂದುಬಿಡುತ್ತದೆ.

"ಇಲ್ಲೊಂದು ಸೂಕ್ಷ್ಮ ಇದೆ" ಎಂದೆ. "ಈ ಯಂತ್ರ ತೋರಿಸ್ತಾ ಇರೋದು ಬರೀ ತೂಕ. ಮಗುವಿನ ದ್ರವ್ಯರಾಶಿ ಬೇರೆ. ಇದೇ ಮಗುವನ್ನ ಇದೇ ತಕ್ಕಡಿ ಸಮೇತ ಚಂದ್ರನ ಮೇಲೆ ತಗೊಂಡು ಹೋದರೆ ಒಂದು ಕೆಜಿಗೂ ಕಡಿಮೆ ತೋರಿಸುತ್ತೆ. ಹಾಗಂತ ಮಗು ಕರಗಿಹೋಯ್ತಾ? ಇಲ್ಲ. ರಾಶಿ ಅಷ್ಟೇ ಇರುತ್ತೆ."

"ರಾಶಿ ಕನ್ಯಾ ರಾಶಿ ಕಣಪ್ಪ" ಎಂದರು ಶಿವನಂಜಮ್ಮ ಆಸಕ್ತಿಯಿಂದ. "ಜೋಯಿಸ್ರು ಬರ್ಕೊಟ್ಟವ್ರೆ."

"ಆ ರಾಶಿ ಅಲ್ಲ ದೊಡ್ಡವ್ವ, ದ್ರವ್ಯರಾಶಿ."

"ಅನ್ನೆರಡು ರಾಶೀಲಿ ಅದಿಲ್ವಲ್ಲ."

ಹೆಂಡತಿ ಕೆಳಗಿನಿಂದ ನನ್ನ ಪಂಚೆಯ ಅಂಚನ್ನು ಮೆಲ್ಲಗೆ ಎಳೆದಳು. ಅದು ಇಳಿಯಿರಿ ಎಂಬ ಸೂಚನೆ. ಪಂಚೆ ಸಡಿಲವಾಗಿದೆ ಎಂದುಕೊಂಡು ನಾನು ಅದನ್ನು ಬಿಗಿ ಮಾಡಿ, ಪುಸ್ತಕದಲ್ಲಿಲ್ಲದ ಆ ವಾಕ್ಯವನ್ನು ಹೇಳಿದೆ: "ಅದೂ ಅಲ್ಲದೆ ಈ ತಕ್ಕಡಿಯ ಸ್ಪ್ರಿಂಗು ಹಳೇದಾಗಿ ಸೋತುಹೋಗಿದೆ. ಇದು ಹೇಳಿದ್ದನ್ನ ನಂಬೋಕಾಗಲ್ಲ."

ಶಿವನಂಜಮ್ಮ ಮುಂದೆ ಬಂದು ಮೊಮ್ಮಗಳನ್ನು ಚೀಲದಿಂದ ಎತ್ತಿಕೊಂಡರು. "ಸರೋಯ್ತು. ಓದಿರೋರು ಅಂದವ್ರೆ. ಮಗೀಗೆ ಏನಾಗಿಲ್ಲ, ತಕ್ಕಡೀಗೆ ಆಗಿರೋದು. ಬಾ ಪವಿತ್ರಾ" ಎಂದು ಹೊರಟುಹೋದರು. ಅವರ ಹಿಂದೆ ಇನ್ನೂ ಮೂವರು ತಾಯಂದಿರು ತೂಗಿಸದೆಯೇ ಹೊರಟರು.

ನಾನು ಸ್ಟೂಲಿನಿಂದ ಇಳಿದೆ. ಹೆಂಡತಿ ಕಾರ್ಡುಗಳನ್ನು ಜೋಡಿಸಿ ದಾರ ಕಟ್ಟುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಆ ಮಗು ಇಲ್ಲಿಗೆ ಬಂದಾಗ ಮೊದಲೆಲ್ಲ ನನ್ನ ಬಳೆ ಹಿಡ್ಕೊಂಡು ಎಳೀತಿತ್ತು. ಹದಿನೈದು ದಿನದಿಂದ ಎಳೀತಿಲ್ಲ" ಎಂದಳು. ಅಷ್ಟೇ. ಆಮೇಲೆ ನಾಲ್ಕು ದಿನ ನಮ್ಮ ಮನೆಯಲ್ಲಿ ಮಾತಿಲ್ಲ. ಚಟ್ನಿ ಇತ್ತು, ಸಾರು ಇತ್ತು, ಮಾತು ಇರಲಿಲ್ಲ. ಅವಳು ದಿನಕ್ಕೆರಡು ಬಾರಿ ಶಿವನಂಜಮ್ಮನ ಮನೆಗೆ ಹೋಗಿ ಬರುವುದು ಮಾತ್ರ ಕಾಣಿಸುತ್ತಿತ್ತು. ಬರುವಾಗ ಇನ್ನಷ್ಟು ಬಿಗಿದ ಮುಖ.

ಐದನೆಯ ದಿನ ಒಂಬತ್ತನೇ ತರಗತಿಯಲ್ಲಿ ಅದೇ ಪಾಠ. ಹಲಗೆಯ ಮೇಲೆ ಸ್ಪ್ರಿಂಗ್ ತಕ್ಕಡಿಯ ಚಿತ್ರ ಬರೆದು ವಿವರಿಸುತ್ತಿದ್ದೆ. ಭಾರ ಹೆಚ್ಚಾದಂತೆ ಸ್ಪ್ರಿಂಗು ಹೆಚ್ಚು ಹಿಗ್ಗುತ್ತದೆ, ಮುಳ್ಳು ಹೆಚ್ಚು ಇಳಿಯುತ್ತದೆ ಎಂದೆ. ಮುಂದುವರಿದು, "ಸ್ಪ್ರಿಂಗು ಹಳೆಯದಾಗಿ ಸೋತರೆ ಅದೇ ಭಾರಕ್ಕೆ ಇನ್ನೂ ಹೆಚ್ಚು ಹಿಗ್ಗುತ್ತದೆ. ಆಗ ತಕ್ಕಡಿ ಇರುವುದಕ್ಕಿಂತ" ಎಂದವನು ಅಲ್ಲಿಗೇ ನಿಂತೆ.

ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಐವತ್ತೆರಡು ಮಕ್ಕಳು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಸೀಮೆಸುಣ್ಣ ಹಿಡಿದು ಹಲಗೆ ನೋಡುತ್ತ ನಿಂತಿದ್ದೆ. ಆ ತಕ್ಕಡಿಯ ಸ್ಪ್ರಿಂಗು ಸೋತಿದ್ದು ನಿಜವಾದರೆ ರಂಜಿನಿ ಐದು ಕೆಜಿ ಎಂಟುನೂರು ಇಲ್ಲ. ಅದಕ್ಕಿಂತಲೂ ಕಡಿಮೆ ಇದ್ದಾಳೆ. ನಾನು ಸ್ಟೂಲಿನ ಮೇಲೆ ನಿಂತು ಹೇಳಿದ ಕಾರಣ ಸರಿಯೇ, ಆದರೆ ಅದು ಮಗುವಿನ ಪರವಾಗಿ ಇರಲಿಲ್ಲ. "ಹೆಚ್ಚು ತೋರಿಸುತ್ತದೆ, ಬರ್ಕಳಿ" ಎಂದು ಹೇಗೋ ವಾಕ್ಯ ಮುಗಿಸಿ, ಉಳಿದ ಇಪ್ಪತ್ತು ನಿಮಿಷ ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತೆ.

ಸಂಜೆ ಬಸ್ಸಿಳಿದವನು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಹೆಂಡತಿ ಕೇಳಿಸಿಕೊಂಡಳು. "ಇದನ್ನ ನೀವು ಸ್ಟೂಲಿಂದ ಇಳಿಯೋಕ್ಮುಂಚೆ ಯೋಚಿಸ್ಬೇಕಾಗಿತ್ತು" ಎಂದಳು. ನಾಲ್ಕು ದಿನಗಳ ನಂತರದ ಮೊದಲ ಮಾತು ಅದು. "ಈಗ ಹೋಗಿ ಅವರಿಗೆ ಹೇಳಿ. ಚಂದ್ರನ ಸುದ್ದಿ ಬೇಡ."

ಹೋದೆ. ಶಿವನಂಜಮ್ಮ ಜಗುಲಿಯ ಮೇಲೆ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದರು. ಹತ್ತಿರದಿಂದ ನಾನು ಆ ಮಗುವನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಸ್ಟೂಲಿನ ಮೇಲಿಂದ ನೆತ್ತಿ ಮಾತ್ರ ಕಂಡಿತ್ತು. ಕೆನ್ನೆಗಳಿರಬೇಕಾದ ಕಡೆ ಕಣ್ಣುಗಳೇ ಇದ್ದವು.

"ದೊಡ್ಡವ್ವ, ಅವತ್ತು ನಾನು ಹೇಳಿದ್ದು ತಪ್ಪು. ಸ್ಪ್ರಿಂಗು ಸೋತರೆ ತೂಕ ಜಾಸ್ತಿ ತೋರಿಸುತ್ತೆ. ಮಗು ಇನ್ನೂ ಕಮ್ಮಿ ಇದೆ. ಆಸ್ಪತ್ರೆಗೆ ತೋರಿಸಬೇಕು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಟೀಚರಮ್ಮ ಬೈದ್ಲಾ?"

"ಬೈಲಿಲ್ಲ."

"ಬೈದಿರ್ಬೇಕು ಬುಡಿ. ನಾಕು ದಿನದಿಂದ ನಿಮ್ಮನೇಲಿ ಮಾತಿಲ್ಲ ಅಂತ ಊರ್ಗೇ ಗೊತ್ತು. ಎಡ್ತಿ ಮಾತಿಗೆ ಎದ್ರಿ ಬಂದಿದ್ದೀರಿ. ನಂಗೊತ್ತಾಯ್ತದೆ. ಓಗಿ, ಕೈಕಾಲ್ ತೊಳ್ಕೊಂಡು ಊಟ ಮಾಡಿ."

ವಿಜ್ಞಾನಿಯಾದವನು ಇಲ್ಲಿಗೆ ಸೋಲಬಾರದು. ಸ್ಪ್ರಿಂಗಿಲ್ಲದ ತಕ್ಕಡಿಯಲ್ಲಿ ತೂಗಿ ತೋರಿಸಿದರೆ ಆಯಿತಲ್ಲ. ಎರಡು ತಟ್ಟೆಯ ತಕ್ಕಡಿ ಸುಳ್ಳು ಹೇಳದು. ಭೂಮಿ ಎರಡು ತಟ್ಟೆಯನ್ನೂ ಒಂದೇ ಸಮ ಎಳೆಯುತ್ತದೆ, ಆದ್ದರಿಂದ ಅದು ತೋರಿಸುವುದು ಶುದ್ಧ ದ್ರವ್ಯರಾಶಿ. ಮಾರನೆಯ ದಿನ ಕಲ್ಲಯ್ಯನ ಅಂಗಡಿಯ ದೊಡ್ಡ ತಕ್ಕಡಿಯನ್ನೂ ಬಟ್ಟುಗಳನ್ನೂ ಗೋಣಿಚೀಲದಲ್ಲಿ ಹೊತ್ತು ಶಿವನಂಜಮ್ಮನ ಜಗುಲಿಗೆ ತಂದು ಇಳಿಸಿದೆ. (ಬಟ್ಟುಗಳ ತೂಕವೂ ದ್ರವ್ಯರಾಶಿಯೂ ಆ ಹೊತ್ತಿನಲ್ಲಿ ನನ್ನ ಬೆನ್ನಿಗೆ ಒಂದೇ ಆಗಿದ್ದವು.)

ಶಿವನಂಜಮ್ಮ ತಟ್ಟೆಯ ಬಳಿ ಬಗ್ಗಿ ಮೂಸಿ ನೋಡಿದರು. ಎರಡು ಸಲ ಸೀನಿದರು. "ಒಣಮೆಣಸಿನಕಾಯಿ ತೂಗೋ ತಟ್ಟೇಲಿ ಮಗೀನ ಮಲಗ್ಸಬೇಕಾ? ಸಂತೆ ಸಾಮಾನ್ನಂಗೆ ಬೀದೀಲಿ ತೂಗಿ ದೃಷ್ಟಿ ಮಾಡಿಸ್ಬೇಕಾ? ಮೇಷ್ಟ್ರೇ, ನಿಮಗೆ ಮಕ್ಕಳು ಮರಿ ಇದ್ದಿದ್ರೆ ಗೊತ್ತಾಗಿರದು" ಎಂದರು.

ಆ ಮಾತು ಆಡಬಾರದಿತ್ತು ಎಂದು ಅವರಿಗೂ ತಕ್ಷಣ ಅನ್ನಿಸಿತು. ಮಗುವನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ನಾನು ಬಟ್ಟುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡೆ. ನನಗೂ ಪುಟ್ಟಬಸಮ್ಮನಿಗೂ ಮದುವೆಯಾಗಿ ಹದಿನಾರು ವರ್ಷ. ಅಂಗನವಾಡಿಯ ಮೂವತ್ತೊಂದು ಮಕ್ಕಳ ಹುಟ್ಟಿದ ತಾರೀಕು ಅವಳಿಗೆ ಬಾಯಿಪಾಠ. ಯಾಕೆ ಎಂದು ನಾನು ಎಂದೂ ಕೇಳಿರಲಿಲ್ಲ.

ಜಗುಲಿಯ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ದೃಷ್ಟಿಯ ವಿಷಯ, ಮೆಣಸಿನಕಾಯಿಯ ವಿಷಯ ಮಾತ್ರ ಹೇಳಿದೆ. ಹೆಂಡತಿ ಒಲೆಯ ಉರಿ ತಗ್ಗಿಸಿದಳು. ಆಮೇಲೆ, "ನಿಮ್ಮ ಎರಡು ತಟ್ಟೆ ತಕ್ಕಡಿ ನಂಜನಗೂಡು ದೇವಸ್ಥಾನದಲ್ಲೂ ಇದೆಯಲ್ಲ" ಎಂದಳು.

"ತುಲಾಭಾರದ್ದಾ?"

"ಹ್ಞೂಂ. ಅದರಲ್ಲಿ ಮೆಣಸಿನಕಾಯಿ ತೂಗಿರಲ್ಲ. ದೃಷ್ಟಿ ಆಗಲ್ಲ. ಅವರ ಮಗಳ ಮಗನಿಗೂ ಅಲ್ಲೇ ಮಾಡಿಸಿದ್ರು, ಇದೇ ಹತ್ತು ತಿಂಗಳಿಗೆ. ಮೂವತ್ತಾರು ಅಚ್ಚು ಬೆಲ್ಲ ಹಿಡೀತು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ರು. ಮೊಮ್ಮಗಳಿಗೂ ಮಾಡ್ಸಿ ಅಂದ್ರೆ ಇಲ್ಲ ಅನ್ನಲ್ಲ. ದೇವಸ್ಥಾನದಿಂದ ಆಸ್ಪತ್ರೆಗೆ ನಡ್ಕೊಂಡೇ ಹೋಗಬಹುದು."

ಹದಿನೆಂಟು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಇದು ಹೊಳೆದಿರಲಿಲ್ಲ. "ಹೌದು, ಆ ತಕ್ಕಡಿಯಲ್ಲಿ ಗುರುತ್ವ" ಎಂದು ಶುರುಮಾಡಿದೆ. ಅವಳು ನನ್ನ ಕಡೆ ತಿರುಗಿದಳು. ನಿಲ್ಲಿಸಿದೆ.

ಅವಳು ಹೇಳಿದಂತೆಯೇ ಆಯಿತು. ಶಿವನಂಜಮ್ಮ ಒಂದೇ ಮಾತಿಗೆ ಒಪ್ಪಿದರು. ಎರಡು ದಿನ ಬಿಟ್ಟು ಸೋಮವಾರ ಬೆಳಿಗ್ಗೆ ಐದು ಜನ ನಂಜನಗೂಡಿನ ಬಸ್ಸು ಹತ್ತಿದೆವು: ಶಿವನಂಜಮ್ಮ, ಮಗುವನ್ನು ಎತ್ತಿಕೊಂಡ ಪವಿತ್ರಾ, ನಾವಿಬ್ಬರು. ಬೆಲ್ಲದ ಚೀಲ ನನ್ನ ತೊಡೆಯ ಮೇಲೆ. ಮನೆಯ ಆಲೆಮನೆಯಲ್ಲಿ ಒಂದೇ ಪಡಿಯಚ್ಚಿನಲ್ಲಿ ಹುಯ್ದ ಕಾಲು ಕೆಜಿಯ ಅಚ್ಚುಗಳು, ನಲವತ್ತು. "ಮೊಮ್ಮಗಂಗೆ ಮೂವತ್ತಾರು ಹಿಡೀತು. ಎಣ್ಣು ಮಗ, ಸ್ವಲ್ಪ ಕಮ್ಮಿ ಆಗ್ಬೌದು. ಆದ್ರೂ ದೇವ್ರ ಕೆಲಸಕ್ಕೆ ಕೊರತೆ ಆಗ್ಬಾರ್ದು" ಎಂದು ನಾಲ್ಕು ಹೆಚ್ಚಾಗಿಯೇ ತಂದಿದ್ದರು.

ಸೋಮವಾರವಾದರೂ ದೇವಸ್ಥಾನದಲ್ಲಿ ಜನ ಅಷ್ಟಿರಲಿಲ್ಲ. ಪೂಜೆ ಮಾಡಿಸಿ ತುಲಾಭಾರದ ಕಡೆ ಬಂದೆವು. ಒಂದು ತಟ್ಟೆಯಲ್ಲಿ ಪವಿತ್ರಾ ಹೊಸ ಟವೆಲು ಹಾಸಿ ರಂಜಿನಿಯನ್ನು ಮಲಗಿಸಿದಳು. ಆ ತಟ್ಟೆ ನೆಲ ಮುಟ್ಟಿ ನಿಂತಿತು. ಶಿವನಂಜಮ್ಮ ಸೆರಗು ಸಿಕ್ಕಿಸಿ, ಇನ್ನೊಂದು ತಟ್ಟೆಗೆ ತಾವೇ ಅಚ್ಚುಗಳನ್ನು ಇಡತೊಡಗಿದರು. ಒಂದೊಂದಕ್ಕೂ ಬಾಯಲ್ಲಿ ಎಣಿಕೆ. ಹತ್ತು ಆಯಿತು. ಹದಿನೈದು ಆಯಿತು. ಇಪ್ಪತ್ತಕ್ಕೆ ಮಗುವಿನ ತಟ್ಟೆ ನೆಲ ಬಿಟ್ಟು ಸ್ವಲ್ಪ ಅಲುಗಿತು. ಇಪ್ಪತ್ತೆರಡಕ್ಕೆ ಎರಡೂ ಸಮಕ್ಕೆ ಬಂದು ನಿಂತವು.

"ಸಾಕು ತಾಯಿ, ಸಮ ಬಂತು" ಎಂದರು ಅಲ್ಲಿದ್ದವರು.

"ಇನ್ನೂ ಅದೆ ಸಾಮಿ" ಎಂದರು ಶಿವನಂಜಮ್ಮ. ಚೀಲಕ್ಕೆ ಕೈ ಹಾಕಿ ಇಪ್ಪತ್ತಮೂರನೆಯದನ್ನು ಇಟ್ಟರು. ಇಪ್ಪತ್ತನಾಲ್ಕನೆಯದು. ಬೆಲ್ಲದ ತಟ್ಟೆ ಮೆಲ್ಲನೆ ಕೆಳಗಿಳಿಯಿತು, ಮಗುವಿನ ತಟ್ಟೆ ಮೇಲಕ್ಕೆ ಹೋಯಿತು. ಅವರು ಇಡುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೈದು, ಇಪ್ಪತ್ತಾರು. ಬೆಲ್ಲದ ತಟ್ಟೆ ನೆಲಕ್ಕೆ ಕೂತಿತು. ರಂಜಿನಿ ತನ್ನ ಅಜ್ಜಿಯ ಎದೆಯ ಮಟ್ಟಕ್ಕೆ ಏರಿ, ಗಾಳಿಯಲ್ಲಿ, ಸದ್ದಿಲ್ಲದೆ, ದೊಡ್ಡ ಕಣ್ಣು ಬಿಟ್ಟುಕೊಂಡು ತೂಗುತ್ತಿತ್ತು.

ಶಿವನಂಜಮ್ಮನ ಕೈಯಲ್ಲಿ ಒಂದು ಅಚ್ಚು ಹಾಗೇ ಉಳಿಯಿತು. ಚೀಲದ ಬಾಯಿ ಅಗಲಿಸಿ ಒಳಗೆ ನೋಡಿದರು. ಮೊಮ್ಮಗನಿಗೆ ಹಿಡಿದ ಬೆಲ್ಲದಲ್ಲಿ ಆಗತಾನೆ ಹುಟ್ಟಿದ ಒಂದು ಮಗುವಿನಷ್ಟು ಬೆಲ್ಲ ಇನ್ನೂ ಅಲ್ಲೇ ಇತ್ತು.

ಆ ತಕ್ಕಡಿ ತೋರಿಸಿದ್ದು ತೂಕವನ್ನಲ್ಲ, ಮಗುವಿನಲ್ಲಿ ಇರುವುದೇ ಅಷ್ಟು ಎಂಬುದನ್ನು. ನಂಜನಗೂಡಿನಲ್ಲೂ ಅಷ್ಟೇ, ನರಸೀಪುರದಲ್ಲೂ ಅಷ್ಟೇ, ಚಂದ್ರನ ಮೇಲೂ ಅಷ್ಟೇ. ಇದನ್ನು ಹದಿನೆಂಟು ವರ್ಷ ಹೇಳಿಕೊಟ್ಟಿದ್ದೆ, ಕಂಡದ್ದು ಅಂದೇ.

ಶಿವನಂಜಮ್ಮ ಕಣ್ಣು ಮುಚ್ಚಿ, ಗರ್ಭಗುಡಿಯ ಕಡೆ ತಿರುಗಿ, ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಮಗುವನ್ನು ತಟ್ಟೆಯಿಂದ ತಾವೇ ಎತ್ತಿಕೊಂಡು ನನ್ನ ಹೆಂಡತಿಯ ಮುಂದೆ ಬಂದು ನಿಂತರು.

"ಆಸ್ಪತ್ರೆ ಯಾವ ಕಡೆ ಟೀಚರಮ್ಮ?"

ಆಸ್ಪತ್ರೆಯಲ್ಲಿ ಮತ್ತೆ ತೂಗಿದರು. ಐದೂವರೆ ಕೆಜಿ. ನಾನು ಗೋಡೆಗೆ ಒರಗಿ ನಿಂತು, ಔಷಧಿ ಕಂಪನಿಯ ಕ್ಯಾಲೆಂಡರನ್ನು ಓದುತ್ತಿದ್ದೆ. ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಮೂತ್ರ ಪರೀಕ್ಷೆ ಮಾಡಿಸಿ, ಒಳಗೇ ಸೋಂಕು ಕೂತಿದೆ, ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳದೆ ಮಗುವನ್ನು ತಿನ್ನುತ್ತಿದೆ ಎಂದರು. "ಇದು ನಿಮ್ಮ ತಪ್ಪಲ್ಲಮ್ಮ. ಮನೇಲಿ ಯಾರಿಗೂ ಗೊತ್ತಾಗಲ್ಲ. ತೂಕ ನಿಂತಿದೆ ಅಂತ ಅಂಗನವಾಡಿಯವರು ಹಿಡಿದಿದ್ದೇ ದೊಡ್ಡದು. ಆದ್ರೆ ಕಂಡ ದಿನವೇ ಬರಬೇಕಿತ್ತು. ಒಂದು ವಾರ ಯಾಕೆ ತಡ ಮಾಡಿದ್ರಿ?"

ಪವಿತ್ರಾ ಅತ್ತೆಯನ್ನು ನೋಡಿದಳು. ಅತ್ತೆ ನನ್ನನ್ನು ನೋಡಿದರು. ನನ್ನ ಹೆಂಡತಿ ಮಾತ್ರ ಯಾರನ್ನೂ ನೋಡಲಿಲ್ಲ. "ಊರಲ್ಲಿ ಸ್ವಲ್ಪ ಗೊಂದಲ ಆಗಿತ್ತು ಡಾಕ್ಟ್ರೇ" ಎಂದಳು. ಹದಿನಾರು ವರ್ಷದ ದಾಂಪತ್ಯದಲ್ಲಿ ಅವಳು ನನಗೆ ಮಾಡಿದ ಉಪಕಾರಗಳಲ್ಲಿ ಅದಕ್ಕೆ ಮೊದಲ ಸ್ಥಾನ.

ಒಂಬತ್ತು ದಿನ ಮಗು ಆಸ್ಪತ್ರೆಯಲ್ಲಿತ್ತು. ಸಂಜೆ ನರಸೀಪುರದ ಬಸ್ಸು ಇಳಿದವನು ನೇರ ಅಲ್ಲಿಗೆ ಹೋಗಿ, ಫ್ಲಾಸ್ಕಿಗೆ ಬಿಸಿನೀರು ತುಂಬಿಕೊಟ್ಟು, ಬಟ್ಟೆಗಂಟು ತೆಗೆದುಕೊಂಡು ಊರಿನ ಬಸ್ಸು ಹತ್ತುತ್ತಿದ್ದೆ. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಆರನೆಯ ದಿನ ರಂಜಿನಿ ಸೂಜಿ ಚುಚ್ಚಲು ಬಂದ ನರ್ಸಮ್ಮನನ್ನು ಕಂಡು ವಾರ್ಡು ಹಾರಿಹೋಗುವಂತೆ ಕಿರುಚಿತು. ಅಲ್ಲಿಯವರೆಗೆ ಅದಕ್ಕೆ ಅಳುವಷ್ಟೂ ಶಕ್ತಿ ಇರಲಿಲ್ಲ. ಶಿವನಂಜಮ್ಮ ವರಾಂಡದ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಆ ಅಳುವನ್ನು ಪೂರ್ತಿಯಾಗಿ ಕೇಳಿಸಿಕೊಂಡರು.

ಆಮೇಲೆ ಗೆರೆ ಏಳತೊಡಗಿತು. ಆಗಸ್ಟಿನಲ್ಲಿ ಆರು ಕೆಜಿ ಇನ್ನೂರು. ಸೆಪ್ಟೆಂಬರಿನಲ್ಲಿ ಆರು ಒಂಬೈನೂರು. (ಅಂಗನವಾಡಿಗೆ ಹೊಸ ತಕ್ಕಡಿ ಬಂದಿತ್ತು. ಅದನ್ನು ನೇತುಹಾಕಲು ನನ್ನನ್ನು ಕರೆಯಲಿಲ್ಲ.) ನಾನು ಕಲ್ಲಯ್ಯನ ಅಂಗಡಿಯಲ್ಲಿ ಒಂದು ಕೆಜಿ ಸಕ್ಕರೆ ಎಂದು ಕೇಳಿ, ಒಂದು ಕೆಜಿ ಸಕ್ಕರೆ ಇಸಿದುಕೊಂಡು ಬರುತ್ತಿದ್ದೆ. ಎಲ್ಲ ಮುಗಿಯಿತು, ನನ್ನ ಪಾಲಿನ ಪಾಠ ನಾನು ಕಲಿತಾಯಿತು ಎಂಬ ನೆಮ್ಮದಿಯಲ್ಲಿದ್ದೆ.

ಅಕ್ಟೋಬರಿನಲ್ಲಿ ದಸರಾ ರಜೆ ಶುರುವಾದ ಮೂರನೆಯ ದಿನ ಶಿವನಂಜಮ್ಮ ನಮ್ಮ ಮನೆಗೆ ಬಂದರು. ಹೆಂಡತಿ ಕಾಫಿ ಕೊಟ್ಟಳು. ಕಾಫಿ ಕುಡಿದು ಲೋಟ ಪಕ್ಕಕ್ಕಿಟ್ಟು, "ಒಂದು ಅರಕೆ ಐತೆ ಮೇಷ್ಟ್ರೇ, ತೀರಿಸ್ಬೇಕು" ಎಂದರು.

"ತೀರಿಸಿ ದೊಡ್ಡವ್ವ. ನಮ್ಮಿಂದ ಏನಾಗಬೇಕು?"

"ಅವತ್ತು ಮಗ ತಕ್ಕಡೀಲಿ ಮೇಲಕ್ಕೆ ಓಯ್ತಲ್ಲ, ಆಗ ಕಟ್ಕಂಡೆ. ಮಗ ಉಸಾರಾಗಿ ಮನೇಲಿ ಅಂಬೆಗಾಲಿಟ್ರೆ ಉರುಳು ಸೇವೆ ಮಾಡಿಸ್ತೀನಿ ನಂಜುಂಡಪ್ಪ ಅಂತ. ನೆನ್ನೆ ಒಸಲು ದಾಟುತು."

"ಒಳ್ಳೇದು. ಆದ್ರೆ ನಿಮಗೆ ಮಂಡಿ ನೋವು. ಈ ವಯಸ್ಸಲ್ಲಿ ದೇವಸ್ಥಾನದ ಸುತ್ತ ಉರುಳೋದು ಅಂದ್ರೆ" ಎಂದೆ ಕಾಳಜಿಯಿಂದ.

"ನ್ಯಾಯ್ವಾಗಿ ನಾನೇ ಉರುಳ್ಬೇಕಾಗಿತ್ತು. ತಪ್ಪು ನಂದೂ ಅದೆ. ಮಂಡಿ ಆಗಕಿಲ್ಲ ಅಂತ ದೇವ್ರಿಗೇ ಗೊತ್ತು. ಅದ್ಕೆ ಅರಕೆ ಕಟ್ವಾಗ್ಲೇ ನಿಮ್ಮೆಸ್ರು ಹೇಳ್ಬುಟ್ಟೆ."

ಸ್ವಲ್ಪ ಹೊತ್ತು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಂಡತಿಯ ಕಡೆ ನೋಡಿದೆ. ಅವಳು ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ಬೆನ್ನು ನೋಡಿದೊಡನೆ, ಅವಳಿಗೆ ಈ ಸುದ್ದಿ ಹೊಸದಲ್ಲ, ಜುಲೈ ತಿಂಗಳಿನಿಂದಲೂ ಗೊತ್ತು ಎಂಬುದು ಖಚಿತವಾಯಿತು.

ಅಡಿಗೆಮನೆಯಲ್ಲಿ ವಾದ ಹೂಡಿದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಹರಕೆ ಕಟ್ಟುವಂತಿಲ್ಲ. ಮಗುವಿಗೆ ವಾಸಿಯಾದದ್ದು ಔಷಧಿಯಿಂದ. ನಾನು ವಿಜ್ಞಾನದ ಮೇಷ್ಟರು. ಯಾರಾದರೂ ನೋಡಿದರೆ ಏನೆಂದುಕೊಂಡಾರು. ನನಗೆ ನಲವತ್ತನಾಲ್ಕು ವರ್ಷ.

ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಔಷಧಿಯಿಂದಲೇ ವಾಸಿಯಾಗಿದ್ದು. ನಾನೂ ಒಪ್ಕೋತೀನಿ. ಆ ಒಂದು ವಾರ ತಡ ಆಗಿದ್ದು ಯಾರಿಂದ?"

ನಾನು ನೆಲಕ್ಕೆ ಬಿದ್ದಿದ್ದ ತರಕಾರಿ ತೊಟ್ಟುಗಳನ್ನು ಆಯತೊಡಗಿದೆ.

"ಹಾಗಾದ್ರೆ ಉರುಳಿ."

ಸೋಮವಾರ ಬೆಳಿಗ್ಗೆ ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲಿ ನಡುಗುತ್ತ ದೇವಸ್ಥಾನಕ್ಕೆ ಬಂದು, ಕೈಜೋಡಿಸಿ ತಲೆಯ ಮೇಲೆ ಚಾಚಿ ಕಲ್ಲುಹಾಸಿನ ಮೇಲೆ ಮಲಗಿದೆ. ದೂರದಿಂದ ನೋಡುವಾಗ ಉರುಳು ಸೇವೆ ಸುಲಭವಾಗಿ ಕಾಣುತ್ತದೆ. ಮನುಷ್ಯನ ಶರೀರ ಪೀಪಾಯಿಯಲ್ಲ. ಹೆಗಲು ಅಗಲ, ಕಾಲು ಸಣ್ಣ, ನಡುವೆ ನನ್ನಂಥವರಿಗೆ ಹೊಟ್ಟೆ. ಆದ್ದರಿಂದ ನೇರ ಹೋಗದೆ ಮೇಲಿಂದ ಮೇಲೆ ಕಂಬದ ಕಡೆಗೆ ತಿರುಗಿಕೊಳ್ಳುತ್ತದೆ. ಪುಟ್ಟಬಸಮ್ಮ ಪಕ್ಕದಲ್ಲಿ ನಡೆಯುತ್ತ, ನಾನು ದಾರಿ ತಪ್ಪಿದಾಗಲೆಲ್ಲ ಕಾಲು ಹಿಡಿದು ನೇರ ಮಾಡುತ್ತಿದ್ದಳು. ಆಗಾಗ ಬಿಂದಿಗೆಯಿಂದ ನೀರು ಹಾಕುತ್ತಿದ್ದಳು. ಇನ್ನೊಂದು ಪಕ್ಕದಲ್ಲಿ ಶಿವನಂಜಮ್ಮ, ಅವರ ಸೊಂಟದ ಮೇಲೆ ರಂಜಿನಿ. ಆಕಾಶ, ಗೋಡೆ, ಕಲ್ಲು, ಹೆಂಡತಿಯ ಪಾದ, ಮತ್ತೆ ಆಕಾಶ. ನಾನು ಒಂದೊಂದು ಸಲ ಮಗ್ಗುಲಾದಾಗಲೂ ಮಗು ಕೇಕೆ ಹಾಕಿ ನಗುತ್ತಿತ್ತು. ಅದಕ್ಕೆಂದೇ ಏರ್ಪಡಿಸಿದ ಆಟ ಎಂದುಕೊಂಡಿರಬೇಕು.

ಅರ್ಧ ಸುತ್ತಿನಲ್ಲಿ ಒಂದು ಜೊತೆ ಪರಿಚಿತ ಪಾದಗಳು ಕಣ್ಣಿಗೆ ಬಿದ್ದವು. ಮುಂದಿನ ಉರುಳಿಗೆ ಮುಖವೂ ಕಂಡಿತು. ನಮ್ಮ ಹೆಡ್‌ಮಾಸ್ಟರು, ಕುಟುಂಬ ಸಮೇತ. "ಏನ್ ಮಹದೇವಯ್ಯನೋರೇ, ಏನು ಹರಕೆ?" ಎಂದು ಬಗ್ಗಿ ಕೇಳಿದರು. ಉತ್ತರ ಕೊಡುವಷ್ಟರಲ್ಲಿ ನಾನು ಕಲ್ಲಿನ ಕಡೆ ತಿರುಗಿದ್ದೆ. "ಒಂದು ಮಗುವಿನ ಸಲುವಾಗಿ ಸಾರ್" ಎಂದಳು ಹೆಂಡತಿ. ಅವರು ಬಹಳ ಗೌರವದಿಂದ ನನಗೆ ಕೈಮುಗಿದದ್ದು ಮತ್ತೆ ಆಕಾಶ ಬಂದಾಗ ಕಂಡಿತು.

ಕೊನೆಗೆ ಹೊರಟ ಜಾಗಕ್ಕೆ ಬಂದು ನಿಂತೆ, ಅಂದರೆ ಅಂಗಾತ ಬಿದ್ದೆ. ಮೊಣಕೈ ತರಚಿತ್ತು. ದೇವಸ್ಥಾನ ನನ್ನ ಸುತ್ತ ಉರುಳುತ್ತಿತ್ತು. ಶಿವನಂಜಮ್ಮ ಬಗ್ಗಿ, ಏನೂ ಹೇಳದೆ, ರಂಜಿನಿಯನ್ನು ನನ್ನ ಒದ್ದೆ ಎದೆಯ ಮೇಲೆ ಕೂರಿಸಿದರು. ಮಗು ಎರಡು ಕೈಯಿಂದ ನನ್ನ ಮೀಸೆ ಹಿಡಿಯಿತು. ಏಳು ಕೆಜಿ ದಾಟಿದ ಮಗು. ಉಸಿರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಆದರೂ ಅದನ್ನು ಯಾರೂ ಎತ್ತಿಕೊಳ್ಳದಿದ್ದರೆ ಸಾಕು ಅನ್ನಿಸಿತು. ಪಕ್ಕದಲ್ಲಿ ಕೂತ ಪುಟ್ಟಬಸಮ್ಮನ ಕಡೆ ನೋಡಿದೆ. ಅವಳು ಮಗುವಿನ ಬೆನ್ನಿಗೆ ಕೈ ಆನಿಸಿ ಹಿಡಿದಿದ್ದಳು. "ಭಾರ ಇದ್ದಾಳೆ ಕಣೇ" ಎಂದೆ. ಅವಳು ಮುಖ ಆಚೆ ತಿರುಗಿಸಿಕೊಂಡು, "ಹ್ಞೂಂ" ಎಂದಳು.

ಸ್ವಲ್ಪ ಹೊತ್ತಾದ ಮೇಲೆ ಶಿವನಂಜಮ್ಮ ಮಗುವನ್ನು ಎತ್ತಿಕೊಂಡರು. ನಾನು ಮೊಣಕೈ ಊರಿ ಏಳಲು ಹೋದೆ.

"ಏಳ್ಬ್ಯಾಡಿ ಮೇಷ್ಟ್ರೇ" ಎಂದರು ಅವರು. "ಅರಕೆ ಮೂರು ಸುತ್ತು."

ಪುಟ್ಟಬಸಮ್ಮ ಬಿಂದಿಗೆ ತುಂಬಿಕೊಂಡು ಬರಲು ಆಗಲೇ ಎದ್ದಿದ್ದಳು.